ಮುಖ್ಯಮಂತ್ರಿಗೊಬ್ಬ ಲಿಂಕ್ ಆಫೀಸರ್ ಬೇಡವೆ?

2024ರ ಜುಲೈ ತಿಂಗಳ ಕೊನೆಯ ಭಾನುವಾರ ನಮ್ಮ ಸಂಘದ ವಾಚನಾಲಯದಲ್ಲಿ ಎಂದಿನಂತೆ ಏಳೆಂಟು ಮಂದಿ ಕೂಡಿದ್ದೆವು. ಅಮೆರಿಕದ ಅಧ್ಯಕ್ಷ ಜೋ ಬೈಡನ್ ಹಿಂದಿನ ಭಾನುವಾರವಷ್ಟೇ ಚುನಾವಣಾ ಕಣದಿಂದ ಹಿಂದೆ ಸರಿದಿದ್ದರು. ಆಗ ಅವರಿಗೆ 81 ವರ್ಷ, ಎದುರಾಳಿ ಟ್ರಂಪ್ ಅವರಿಗೆ 78. ಮಾತು ಅಲ್ಲಿಂದ ಹೊರಟು ನಮ್ಮ ದೇಶದ ರಾಜಕಾರಣಿಗಳ ವಯಸ್ಸಿಗೆ ಬಂದಿತು. ಖಾಸಗಿ ಕಂಪನಿಯೊಂದರಲ್ಲಿ ದುಡಿಯುವ, ಸಂಘಕ್ಕೆ ಹೊಸದಾಗಿ ಸೇರಿದ ತರುಣರೊಬ್ಬರು, "ಎಪ್ಪತ್ತೈದರ ಮೇಲೆ ಯಾರಿಗೂ ಟಿಕೆಟ್ ಇಲ್ಲ ಅಂತ ಕಾನೂನೇ ಬರಲಿ ಸಾರ್" ಎಂದರು. ಮೂಲೆಯಲ್ಲಿ ಪತ್ರಿಕೆ ಓದುತ್ತಿದ್ದ ನಮ್ಮ ಹಿರಿಯ ಸದಸ್ಯರು, ರೈಲ್ವೆ ಲೆಕ್ಕಪತ್ರ ವಿಭಾಗದಿಂದ ನಿವೃತ್ತರಾದ 86ರ ಅಜ್ಜ, ಪತ್ರಿಕೆಯನ್ನು ಮಡಿಸಿಟ್ಟು, "ನಮ್ಮನ್ನ ಐವತ್ತೆಂಟಕ್ಕೇ ಹಾರ ಹಾಕಿ ಮನೆಗೆ ಕಳಿಸಿದರಪ್ಪ, ಕೆಲಸ ಕೈಹಿಡಿದಿದ್ದ ಹೊತ್ತಿನಲ್ಲಿ. ಈಗ ಅವರನ್ನೂ ಕಳಿಸಿಬಿಟ್ಟರೆ ನಮ್ಮ ಹಾಗೆ ಇಲ್ಲಿ ಕೂರೋಕೆ ಕುರ್ಚಿ ಸಾಲೋದಿಲ್ಲ" ಎಂದರು. ಎಲ್ಲರೂ ನಕ್ಕರು. ಚಹಾ ಬಂದಿತು. ಚರ್ಚೆ ಅಲ್ಲಿಗೆ ಮುಗಿಯಿತು.

ನನಗೆ ಮಾತ್ರ ಅದು ಮುಗಿಯಲಿಲ್ಲ. ನಾವು ಪ್ರಶ್ನೆಯನ್ನೇ ತಪ್ಪಾಗಿ ಕೇಳುತ್ತಿದ್ದೇವೆ ಎಂಬ ಅನುಮಾನ ಅಂದಿನಿಂದ ನನ್ನನ್ನು ಕಾಡುತ್ತಿದೆ.

ವಯಸ್ಸಿನ ಲೆಕ್ಕವನ್ನೇ ಹಿಡಿದು ನೋಡೋಣ. ಮೊರಾರ್ಜಿ ದೇಸಾಯಿಯವರು 1977ರಲ್ಲಿ ಪ್ರಧಾನಿಯಾದಾಗ ಅವರಿಗೆ 81 ವರ್ಷ. ಅವರ ಸರಕಾರ ಬಿದ್ದದ್ದು ಒಡಕಿನಿಂದಲೇ ಹೊರತು ಮುಪ್ಪಿನಿಂದಲ್ಲ. ಪಿ. ವಿ. ನರಸಿಂಹ ರಾವ್ ಅವರು ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಪುಸ್ತಕಗಳನ್ನು ಕಟ್ಟಿ ಹೈದರಾಬಾದಿಗೆ ಹಿಂದಿರುಗುವ ಯೋಚನೆಯಲ್ಲಿದ್ದಾಗ 1991ರಲ್ಲಿ ಅಧಿಕಾರ ಅವರನ್ನು ಅರಸಿ ಬಂದಿತು. ಎಪ್ಪತ್ತರ ಅಂಚಿನ ಆ ಮನುಷ್ಯ ಐದು ವರ್ಷ ಪೂರ್ತಿ ಆಳಿದರು. ನಮ್ಮ ದೇವೇಗೌಡರು 2020ರಲ್ಲಿ ರಾಜ್ಯಸಭೆಗೆ ಆಯ್ಕೆಯಾದಾಗ ಅವರಿಗೆ 87. ನಮ್ಮ ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆಯವರು 2022ರಲ್ಲಿ ಪಕ್ಷದ ಅಧ್ಯಕ್ಷರಾದದ್ದು 80ನೆಯ ವಯಸ್ಸಿನಲ್ಲಿ. ಯಡಿಯೂರಪ್ಪನವರು ತಮ್ಮ ಪಕ್ಷದಲ್ಲಿ ಬಳಕೆಗೆ ಬಂದಿದ್ದ ಎಪ್ಪತ್ತೈದರ ಗೆರೆಯನ್ನು ದಾಟಿ 2019ರಲ್ಲಿ 76ಕ್ಕೆ ಮುಖ್ಯಮಂತ್ರಿಯಾದರು. ಇನ್ನೊಂದು ಕಡೆ ಲಾಲ್ ಬಹಾದುರ್ ಶಾಸ್ತ್ರಿಯವರನ್ನು ನೋಡಿ. 1964ರ ಜೂನ್‌ನಲ್ಲಿ ಪ್ರಧಾನಿಯಾದಾಗ ಇನ್ನೂ ಅರವತ್ತು ತುಂಬಿರಲಿಲ್ಲ. ಆದರೆ ಆ ವೇಳೆಗೆ ಒಮ್ಮೆ ಹೃದಯಾಘಾತವಾಗಿತ್ತು, ಅಧಿಕಾರಕ್ಕೆ ಬಂದ ಕೆಲವೇ ದಿನಗಳಲ್ಲಿ ಮತ್ತೆ ಆಯಿತು. 1966ರ ಜನವರಿ 11ರಂದು ತಾಷ್ಕೆಂಟಿನಲ್ಲಿ ತೀರಿಕೊಂಡರು. ಯಾವ ವಯೋಮಿತಿಯ ಜರಡಿಯೂ ಶಾಸ್ತ್ರಿಯವರನ್ನು ತಡೆಯುತ್ತಿರಲಿಲ್ಲ. ತಡೆಯಬೇಕಾಗಿತ್ತೆಂದು ಹೇಳುವ ಧೈರ್ಯವೂ ನನಗಿಲ್ಲ.

ಆದ್ದರಿಂದ ವಯಸ್ಸಿನ ವಾದವನ್ನು ನಾನು ಬದಿಗಿಡುತ್ತೇನೆ. ನನ್ನ ಪ್ರಶ್ನೆ ಬೇರೆಯದು, ಕಛೇರಿಯ ಮನುಷ್ಯನೊಬ್ಬನಿಗೆ ಸಹಜವಾಗಿ ಹೊಳೆಯುವಂಥದು. ದೊಡ್ಡವರು ಹಾಸಿಗೆ ಹಿಡಿದ ದಿನ ಕಡತಕ್ಕೆ ಸಹಿ ಹಾಕುವವರು ಯಾರು?

(ಮೂರು ದಶಕಗಳಿಂದ ಕೇಂದ್ರ ಸರಕಾರದ ಸೇವೆಯಲ್ಲಿರುವವನು ನಾನು. ನಡತೆ ನಿಯಮಗಳ ಒಂಬತ್ತನೆಯ ನಿಯಮ ನನ್ನ ಲೇಖನಿಯ ಪಕ್ಕದಲ್ಲೇ ಸದಾ ಕುಳಿತಿರುತ್ತದೆ. ಇಲ್ಲಿ ಬರೆಯುತ್ತಿರುವುದು ಯಾವ ಸರಕಾರದ ಧೋರಣೆಯ ಟೀಕೆಯೂ ಅಲ್ಲ, ನಮ್ಮ ವ್ಯವಸ್ಥೆಯಲ್ಲಿ ಉಳಿದುಹೋಗಿರುವ ಒಂದು ಖಾಲಿ ಜಾಗದ ವಿಚಾರ. ಅಭಿಪ್ರಾಯ ಸ್ವಂತದ್ದು.)

ಕೇಂದ್ರ ಸರಕಾರದ ಕಛೇರಿಗಳಲ್ಲಿ ಲಿಂಕ್ ಆಫೀಸರ್ ಎಂಬ ಏರ್ಪಾಡು ಇರುವುದು ಸೇವೆಯಲ್ಲಿರುವ ಓದುಗರಿಗೆ ತಿಳಿದೇ ಇದೆ. ಉಳಿದವರಿಗಾಗಿ ಹೇಳುತ್ತೇನೆ. ಒಬ್ಬ ಅಧಿಕಾರಿ ರಜೆ ಹಾಕಿದರೆ, ಅದು ಒಂದೇ ದಿನವಾಗಲಿ, ಅವನ ಕಡತಗಳನ್ನು ಯಾರು ನೋಡಬೇಕೆಂಬುದು ಮೊದಲೇ ಆದೇಶದಲ್ಲಿ ಗೊತ್ತಾಗಿರುತ್ತದೆ. ಆ ಸಹೋದ್ಯೋಗಿಯೇ ಲಿಂಕ್ ಆಫೀಸರ್. ಆತ ತನ್ನ ಹೆಸರಿನಲ್ಲಿ, ತನ್ನ ಹೊಣೆಯಲ್ಲಿ ಸಹಿ ಹಾಕುತ್ತಾನೆ. ವೈದ್ಯಕೀಯ ರಜೆ ಮುಗಿಸಿ ಬಂದ ನೌಕರನನ್ನು ದೇಹಾರೋಗ್ಯದ ಪ್ರಮಾಣಪತ್ರವಿಲ್ಲದೆ ಕೆಲಸಕ್ಕೆ ಸೇರಿಸಿಕೊಳ್ಳುವುದೂ ಇಲ್ಲ. ಈ ಕಟ್ಟಳೆ ಗುಮಾಸ್ತನಿಗೂ ಉಂಟು, ಕಾರ್ಯದರ್ಶಿಗೂ ಉಂಟು. ಅವರೆಲ್ಲರ ಮೇಲೆ ಕುಳಿತವರಿಗೆ ಇಲ್ಲ.

ಇದರ ಅರ್ಥ ನನಗೆ ನಿಜವಾಗಿ ಆದದ್ದು 2016ರಲ್ಲಿ, ಚೆನ್ನೈಯಲ್ಲಿದ್ದಾಗ.

ಆ ವರ್ಷದ ಸೆಪ್ಟೆಂಬರ್ ತಿಂಗಳನ್ನು ಚೆನ್ನೈಯ ಕನ್ನಡಿಗರು ಮರೆಯಲಾರರು, ಬೆಂಗಳೂರಿನ ತಮಿಳರಂತೂ ಮರೆಯುವುದೇ ಇಲ್ಲ. ಸೆಪ್ಟೆಂಬರ್ 5ರಂದು ಸುಪ್ರೀಂ ಕೋರ್ಟು ಹತ್ತು ದಿನ ದಿನಕ್ಕೆ 15,000 ಕ್ಯೂಸೆಕ್ ಕಾವೇರಿ ನೀರು ಬಿಡಬೇಕೆಂದಿತು. 12ರಂದು ಅದನ್ನು 12,000ಕ್ಕೆ ಇಳಿಸಿ ಅವಧಿಯನ್ನು 20ರವರೆಗೆ ಚಾಚಿತು. ಅದೇ 12ರ ನಸುಕಿನಲ್ಲಿ ಮೈಲಾಪುರದ ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲಿನ ಮೇಲೆ ಪೆಟ್ರೋಲ್ ಬಾಂಬು ಎಸೆದರು. ಅಂದೇ ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳು ಉರಿದವು. ಕೆಎ ನಂಬರಿನ ನನ್ನ ಕಾರನ್ನು ನಾನು ಮನೆಯ ಹಿಂದೆ ನಿಲ್ಲಿಸಿ ಮೇಲೆ ಹೊದಿಕೆ ಹಾಕಿದೆ. ಕೆಳಗಿನ ಮನೆಯ ತಮಿಳು ಅಜ್ಜಿ ದಿನವೂ ನನ್ನ ಹೆಂಡತಿಯನ್ನು ಕರೆದು, ತರಕಾರಿ ಬೇಕಾದರೆ ತಾನೇ ತರಿಸಿಕೊಡುತ್ತೇನೆಂದು ಹೇಳುತ್ತಿದ್ದರು. ಕೇಡು ಎಲ್ಲಿಂದಲೋ ಬರುತ್ತದೆ, ಕಾಪು ಪಕ್ಕದ ಮನೆಯಿಂದ ಬರುತ್ತದೆ. ಹೊರನಾಡಿನಲ್ಲಿ ಬಾಳಿದವರಿಗೆ ಇದು ಹೊಸದಲ್ಲ.

ಹೀಗಿರುವಾಗ ಸೆಪ್ಟೆಂಬರ್ 22ರ ರಾತ್ರಿ ಮುಖ್ಯಮಂತ್ರಿ ಜಯಲಲಿತಾ ಅವರು ಆಸ್ಪತ್ರೆ ಸೇರಿದರು. ಜ್ವರ ಮತ್ತು ದೇಹದ ನೀರಿನಂಶ ಕಡಿಮೆಯಾದದ್ದು ಕಾರಣವೆಂದು ಮೊದಲ ಪ್ರಕಟಣೆ ತಿಳಿಸಿತು. ನಾಲ್ಕಾರು ದಿನಗಳಲ್ಲಿ ಮನೆಗೆ ಬರುವರೆಂದು ಎಲ್ಲರೂ ಅಂದುಕೊಂಡೆವು. 27ರಂದು ಸುಪ್ರೀಂ ಕೋರ್ಟು, ಎರಡೂ ರಾಜ್ಯಗಳ ಮುಖ್ಯಮಂತ್ರಿಗಳನ್ನು ಕೂರಿಸಿ ಮಾತಾಡಿಸಿರಿ ಎಂದು ಕೇಂದ್ರಕ್ಕೆ ಸೂಚಿಸಿತು. ಮುಖ್ಯಮಂತ್ರಿಗಳು ಆಸ್ಪತ್ರೆಯಲ್ಲೇ ಕಾವೇರಿ ಕುರಿತು ಅಧಿಕಾರಿಗಳೊಡನೆ ಚರ್ಚಿಸಿದರೆಂದು ಅಂದೇ ತಮಿಳುನಾಡು ಸರಕಾರದ ಪ್ರಕಟಣೆ ಹೊರಟಿತು. 29ರಂದು ದೆಹಲಿಯಲ್ಲಿ ಉಮಾಭಾರತಿಯವರ ಮುಂದೆ ಸಭೆ ಸೇರಿತು. ನಮ್ಮ ಕಡೆಯಿಂದ ಸಿದ್ದರಾಮಯ್ಯನವರು ಇದ್ದರು. ಎದುರಿನ ಪಕ್ಷದಲ್ಲಿ ಲೋಕೋಪಯೋಗಿ ಸಚಿವ ಎಡಪ್ಪಾಡಿ ಪಳನಿಸ್ವಾಮಿಯವರು ತಮ್ಮ ಮುಖ್ಯಮಂತ್ರಿಗಳ ಭಾಷಣವನ್ನು ಓದಿದರು.

ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಸಂಧಾನದ ಮೇಜಿನಲ್ಲಿ ಭಾಷಣ ಓದಲು ಬಂದವನಿಗೆ ಭಾಷಣದಾಚೆಯ ಒಂದು ಮಾತನ್ನೂ ಒಪ್ಪುವ ಅಧಿಕಾರವಿರುವುದಿಲ್ಲ. ಅಂಥ ಸಭೆಗಳಲ್ಲಿ ನಾನೂ ಕೂತಿದ್ದೇನೆ, ಬೇರೆ ವಿಷಯಗಳಿಗಾಗಿ, ಬಹಳ ಸಣ್ಣ ಮಟ್ಟದಲ್ಲಿ. ಎದುರಿನವರು "ಮೇಲಿನವರನ್ನು ಕೇಳಿ ಹೇಳುತ್ತೇವೆ" ಎಂದ ಕೂಡಲೇ ಸಭೆ ಚಹಾ ಬಿಸ್ಕತ್ತಿಗೆ ಇಳಿಯುತ್ತದೆ. ಇಲ್ಲಂತೂ ಕೇಳಬೇಕಾದ ಮೇಲಿನವರು ಯಾವ ಸ್ಥಿತಿಯಲ್ಲಿದ್ದಾರೆಂಬುದೇ ಯಾರಿಗೂ ಗೊತ್ತಿರಲಿಲ್ಲ. ಜಯಲಲಿತಾ ಅವರೇ ಬಂದಿದ್ದರೆ ನೀರಿನ ಜಗಳ ಅಂದೇ ತೀರುತ್ತಿತ್ತೆಂದು ನಾನು ಹೇಳುವುದಿಲ್ಲ, ನೂರು ವರ್ಷದ ಜಗಳ ಅದು. ಆದರೆ ನನ್ನ ಕಾರಿನ ಹೊದಿಕೆ ತೆಗೆಯಬಹುದೋ ಇಲ್ಲವೋ ಎಂಬುದು ಅವಲಂಬಿಸಿದ್ದ ಮಾತುಕತೆಯಲ್ಲಿ ಒಂದು ಕುರ್ಚಿ ಖಾಲಿಯಿತ್ತು. ಖಾಲಿಯಿದೆಯೆಂದು ಒಪ್ಪಿಕೊಳ್ಳುವವರು ಯಾರೂ ಇರಲಿಲ್ಲ.

ಮುಂದಿನದು ಎಲ್ಲರಿಗೂ ಗೊತ್ತಿರುವಂಥದೇ. ವದಂತಿ ಹರಡಿದರೆಂದು ಕೆಲವರ ಬಂಧನವಾಯಿತು. ಅಕ್ಟೋಬರ್ 11ರಂದು ಮುಖ್ಯಮಂತ್ರಿಗಳ ಖಾತೆಗಳನ್ನು ಪನ್ನೀರ್‌ಸೆಲ್ವಂ ಅವರಿಗೆ ವಹಿಸಲಾಯಿತು. ಮುಖ್ಯಮಂತ್ರಿಗಳ ಸಲಹೆಯಂತೆಯೇ ಹೀಗೆ ಮಾಡಲಾಗಿದೆ ಎಂದು ರಾಜಭವನ ತಿಳಿಸಿತು. ಅದೇ ತಿಂಗಳ ಕೊನೆಗೆ ಉಪಚುನಾವಣೆಯ ಅಭ್ಯರ್ಥಿಗಳ ಪತ್ರಗಳ ಮೇಲೆ ಸಹಿಯ ಬದಲು ಎಡಗೈ ಹೆಬ್ಬೆಟ್ಟಿನ ಗುರುತು ಬಂದಿತು. ಬಲಗೈ ಊದಿಕೊಂಡಿದ್ದರಿಂದ ಸಹಿ ಮಾಡಲಾಗದೆಂದೂ ತಮ್ಮ ಸಮಕ್ಷಮದಲ್ಲಿ ಹೆಬ್ಬೆಟ್ಟು ಒತ್ತಿದರೆಂದೂ ವೈದ್ಯರೊಬ್ಬರು ದೃಢೀಕರಿಸಿದ್ದರು. ಮೇಲುಕೋಟೆಯಲ್ಲಿ ಹುಟ್ಟಿ, ಹಲವು ಭಾಷೆಗಳನ್ನು ಸರಾಗವಾಗಿ ಆಡಿ ಬರೆಯಬಲ್ಲವರಾಗಿದ್ದ ಆಕೆಯ ಹೆಬ್ಬೆಟ್ಟಿನ ಚಿತ್ರವನ್ನು ಪತ್ರಿಕೆಯಲ್ಲಿ ಕಂಡಾಗ ನನಗೆ ರಾಜಕೀಯವೆಲ್ಲ ಮರೆತು ಸಂಕಟವಾಯಿತು. ಡಿಸೆಂಬರ್ 5ರ ಸಂಜೆ ಸಾವಿನ ಸುದ್ದಿ ಒಮ್ಮೆ ಹಬ್ಬಿತು. ಅದು ಸುಳ್ಳೆಂದು ಆಸ್ಪತ್ರೆ ಹೇಳಿತು. ಅಂಗಡಿಗಳು ಬಾಗಿಲೆಳೆದವು, ಕಛೇರಿಯ ಹೆಣ್ಣುಮಕ್ಕಳು ಬಸ್ಸು ಸಿಗದೆ ಸ್ಟಾಪುಗಳಲ್ಲಿ ನಿಂತರು. ಅಂದು ರಾತ್ರಿ ಹನ್ನೊಂದೂವರೆಗೆ ಆಕೆ ತೀರಿಕೊಂಡರು. ಒಟ್ಟು 75 ದಿನ. ಆಮೇಲೆ 2017ರಲ್ಲಿ ನೇಮಕವಾದ ಆರುಮುಗಸ್ವಾಮಿ ಆಯೋಗ ವರದಿ ಕೊಟ್ಟದ್ದು 2022ರ ಆಗಸ್ಟಿನಲ್ಲಿ. ಅದರ ನಿಷ್ಕರ್ಷೆಗಳನ್ನು ಒಪ್ಪದವರಿದ್ದಾರೆ. ಚಿಕಿತ್ಸೆ ಸರಿಯಾಗಿಯೇ ಇತ್ತೆಂದು ಏಮ್ಸ್‌ನ ವೈದ್ಯರ ತಂಡ ಹೇಳಿತು. ನನ್ನ ದೂರು ಚಿಕಿತ್ಸೆಯ ಬಗ್ಗೆ ಅಲ್ಲವೇ ಅಲ್ಲ. 75 ದಿನಗಳ ಕಾಲ ಒಂದು ರಾಜ್ಯಕ್ಕೆ, ನೆರೆರಾಜ್ಯಕ್ಕೂ ಕೂಡ, ಆಳುತ್ತಿರುವವರು ಯಾರೆಂಬುದು ತಿಳಿಯಲಿಲ್ಲ ಎಂಬುದರ ಬಗ್ಗೆ.

ಅದೇ ನೆಲದಲ್ಲಿ ಹಿಂದೆ ಇನ್ನೊಂದು ಪ್ರಸಂಗ ನಡೆದಿತ್ತು. 1984ರಲ್ಲಿ ಎಂ. ಜಿ. ರಾಮಚಂದ್ರನ್ ಅವರು ಮೂತ್ರಪಿಂಡ ಕೆಟ್ಟು, ಪಾರ್ಶ್ವವಾಯುವೂ ಬಡಿದು, ಚಿಕಿತ್ಸೆಗಾಗಿ ನ್ಯೂಯಾರ್ಕಿನ ಬ್ರೂಕ್ಲಿನ್‌ಗೆ ಹೋಗಬೇಕಾಯಿತು. ನಾಮಪತ್ರಕ್ಕೆ ಆಸ್ಪತ್ರೆಯಲ್ಲೇ ಸಹಿ ಹಾಕಿದರು. ಹಾಸಿಗೆಯಲ್ಲಿರುವ ಅವರ ಚಿತ್ರವನ್ನು ಊರೂರಿಗೂ ಒಯ್ದು ತೋರಿಸಿದರು. ಆಂಡಿಪಟ್ಟಿಯಲ್ಲಿ ಗೆದ್ದು, 1985ರ ಫೆಬ್ರವರಿಯಲ್ಲಿ ಮರಳಿ ಬಂದು ಮುಖ್ಯಮಂತ್ರಿಯಾದರು. ಮಾತು ಮೊದಲಿನಂತೆ ಬರಲೇ ಇಲ್ಲ. ಇದನ್ನು ಹಾಸ್ಯ ಮಾಡುವವರೊಡನೆ ನಾನು ಸೇರುವುದಿಲ್ಲ. ರೋಗಿಯೆಂದು ತಿಳಿದೇ ಜನ ಅವರನ್ನು ಆರಿಸಿದರು. ತಿಳಿದು ಆರಿಸುವ ಹಕ್ಕು ಮತದಾರನದು.

ಮುಚ್ಚಿಟ್ಟ ರೋಗದ ಕಥೆ ಹೀಗಾದರೆ, ಬಯಲಾದ ರೋಗದ ಕಥೆ ನನ್ನ ಸ್ವಂತ ಜಿಲ್ಲೆಯದು. 1990ರಲ್ಲಿ ನಾನು ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರದ ಎಂ.ಎ. ವಿದ್ಯಾರ್ಥಿ. ಚಿಂಚೋಳಿಯ ವೀರೇಂದ್ರ ಪಾಟೀಲರು ಹಿಂದಿನ ವರ್ಷವಷ್ಟೇ ಕಾಂಗ್ರೆಸ್ಸಿಗೆ 224ರಲ್ಲಿ 178 ಸ್ಥಾನ ಗೆದ್ದುಕೊಟ್ಟು ಎರಡನೆಯ ಸಲ ಮುಖ್ಯಮಂತ್ರಿಯಾಗಿದ್ದರು. ಹಾಸ್ಟೆಲಿನಲ್ಲಿ ನಮಗೆ ಹಬ್ಬವೇ ಆಗಿತ್ತು. 1990ರಲ್ಲಿ ಅವರಿಗೆ ಲಕ್ವ ಹೊಡೆಯಿತು. ಅದೇ ಹೊತ್ತಿಗೆ ರಾಮನಗರ, ಚನ್ನಪಟ್ಟಣಗಳಲ್ಲಿ ಕೋಮುಗಲಭೆ ಹತ್ತಿಕೊಂಡಿತು. ನೋಡಲು ಬಂದ ರಾಜೀವ್ ಗಾಂಧಿಯವರು ದೆಹಲಿಗೆ ಮರಳುವ ಮುನ್ನ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನಾಯಕತ್ವ ಬದಲಾಗುವುದೆಂದು ಪತ್ರಕರ್ತರಿಗೆ ಹೇಳಿಬಿಟ್ಟರು. ಅಕ್ಟೋಬರ್ 10ರಿಂದ ಒಂದು ವಾರ ರಾಷ್ಟ್ರಪತಿ ಆಳ್ವಿಕೆ, 17ಕ್ಕೆ ಬಂಗಾರಪ್ಪನವರ ಪ್ರಮಾಣವಚನ. ನಮ್ಮ ಕಡೆಯ ಜನಕ್ಕೆ ಆದ ಅವಮಾನ ಎಷ್ಟೆಂಬುದನ್ನು ಆ ಪಕ್ಷ 1994ರಲ್ಲಿ 34 ಸ್ಥಾನಕ್ಕೆ ಇಳಿದಾಗ ಅರಿಯಿತು. ಬೇರೆ ಕಾರಣಗಳೂ ಇದ್ದವು, ಇರಲಿ. ಪಾಟೀಲರಿಗೆ ಕೆಲಸ ಮಾಡುವ ಶಕ್ತಿ ಇತ್ತೋ ಇರಲಿಲ್ಲವೋ? ತಿಂಗಳೊಪ್ಪತ್ತಿನಲ್ಲಿ ಮರಳಿ ಬರುತ್ತಿತ್ತೋ? ಇದನ್ನು ಒಬ್ಬ ವೈದ್ಯರಾಗಲಿ, ಶಾಸಕಾಂಗ ಪಕ್ಷವಾಗಲಿ ನಿಯಮದ ಪ್ರಕಾರ ನಿರ್ಧರಿಸಲಿಲ್ಲ, ಏಕೆಂದರೆ ನಿಯಮವೇ ಇರಲಿಲ್ಲ. ನಿಯಮವಿಲ್ಲದ ಕಡೆ ಚೆನ್ನೈಯಲ್ಲಿ ಸುತ್ತಲಿನವರು ರೋಗವನ್ನು ಮುಚ್ಚಿಟ್ಟರು, ಬೆಂಗಳೂರಿನಲ್ಲಿ ದೆಹಲಿಯವರು ಅದನ್ನು ನೆಪ ಮಾಡಿಕೊಂಡರು.

ನಮ್ಮ ಸಂವಿಧಾನಕಾರರು ಮೈಮರೆತಿದ್ದರೆಂದಲ್ಲ. ರಾಷ್ಟ್ರಪತಿಗಳು ಅಸ್ವಸ್ಥರಾದರೆ ಉಪರಾಷ್ಟ್ರಪತಿ ಅವರ ಕರ್ತವ್ಯ ನಿರ್ವಹಿಸಬೇಕೆಂದು 65ನೆಯ ಅನುಚ್ಛೇದದಲ್ಲಿದೆ. 1961ರಲ್ಲಿ ರಾಜೇಂದ್ರ ಪ್ರಸಾದರು ತೀವ್ರ ಕಾಯಿಲೆ ಬಿದ್ದಾಗ ರಾಧಾಕೃಷ್ಣನ್ನರು ಹಾಗೆ ನಿರ್ವಹಿಸಿದರು. ಮುಖ್ಯ ನ್ಯಾಯಮೂರ್ತಿಗಳಿಗೆ 126, ರಾಜ್ಯಪಾಲರಿಗೆ 160, ಲೋಕಸಭೆಯ ಅಧ್ಯಕ್ಷರಿಗೆ 95ನೆಯ ಅನುಚ್ಛೇದ. ಎಲ್ಲರಿಗೂ ಲಿಂಕ್ ಆಫೀಸರುಗಳಿದ್ದಾರೆ. ಎಲ್ಲರಿಗಿಂತ ಹೆಚ್ಚು ಕಡತ ನೋಡುವ ಪ್ರಧಾನಮಂತ್ರಿ ಮತ್ತು ಮುಖ್ಯಮಂತ್ರಿಗಳಿಗಿಲ್ಲ. ಉಪಮುಖ್ಯಮಂತ್ರಿ ಎಂಬ ಪದ ಸಂವಿಧಾನದಲ್ಲೇ ಇಲ್ಲ, ಅದು ಪಕ್ಷದೊಳಗಿನ ಸಮಾಧಾನಕ್ಕೆ ಹುಟ್ಟಿದ್ದು. 1964ರ ಜನವರಿಯಲ್ಲಿ ಭುವನೇಶ್ವರದಲ್ಲಿ ನೆಹರೂ ಅವರಿಗೆ ಪಾರ್ಶ್ವವಾಯು ತಾಗಿದಾಗ ಶಾಸ್ತ್ರಿಯವರನ್ನು ಖಾತೆಯಿಲ್ಲದ ಸಚಿವರಾಗಿ ಕರೆತಂದು ಕೆಲಸ ಸಾಗಿಸಿದರು. 2009ರ ಜನವರಿಯಲ್ಲಿ ಮನಮೋಹನ ಸಿಂಗರಿಗೆ ಹೃದಯದ ಬೈಪಾಸ್ ಆದಾಗ ಮೊದಲೇ ಜನಕ್ಕೆ ತಿಳಿಸಿ, ಸಂಪುಟ ಸಭೆಗಳ ಹೊಣೆಯನ್ನು ಪ್ರಣಬ್ ಮುಖರ್ಜಿಯವರಿಗೆ ಒಪ್ಪಿಸಲಾಯಿತು. ಅಚ್ಚುಕಟ್ಟಾಗಿಯೇ ನಡೆಯಿತು. ಆದರೂ ಅವರನ್ನು ಹಂಗಾಮಿ ಪ್ರಧಾನಿ ಎಂದು ಕರೆಯದಂತೆ ಎಲ್ಲರೂ ಎಚ್ಚರ ವಹಿಸಿದರು. ಒಳ್ಳೆಯವರಿದ್ದಾಗ ಒಳ್ಳೆಯದಾಗುತ್ತದೆ, ನಿಯಮಗಳನ್ನು ಬರೆಯುವುದು ಅವರಿಗಾಗಿ ಅಲ್ಲ.

ಅಮೆರಿಕದವರು ಈ ಪಾಠವನ್ನು ಪೆಟ್ಟು ತಿಂದು ಕಲಿತರು. 1919ರ ಅಕ್ಟೋಬರ್‌ನಲ್ಲಿ ವುಡ್ರೋ ವಿಲ್ಸನ್ನರಿಗೆ ಲಕ್ವ ಹೊಡೆದ ಮೇಲೆ, ಅವರ ಬಳಿಗೆ ಯಾವ ಕಾಗದ ಹೋಗಬೇಕೆಂಬುದನ್ನು ಹೆಂಡತಿ ಎಡಿತ್ ತೀರ್ಮಾನಿಸುತ್ತಿದ್ದರು. 1967ರಲ್ಲಿ ಜಾರಿಗೆ ಬಂದ ಅವರ ಸಂವಿಧಾನದ 25ನೆಯ ತಿದ್ದುಪಡಿ ಅಧ್ಯಕ್ಷರ ಅಶಕ್ತತೆಗೆ ದಾರಿ ತೋರಿಸಿತು. 2021ರ ನವೆಂಬರ್ 19ರಂದು ಬೈಡನ್ ಕರುಳಿನ ತಪಾಸಣೆಗಾಗಿ ಅರಿವಳಿಕೆ ತೆಗೆದುಕೊಂಡಾಗ ಕಮಲಾ ಹ್ಯಾರಿಸ್ 85 ನಿಮಿಷ ಅಧ್ಯಕ್ಷಾಧಿಕಾರ ನಿರ್ವಹಿಸಿದರು. ಎಂಬತ್ತೈದು ನಿಮಿಷ! ಚೆನ್ನೈಯ 75 ದಿನಗಳ ಪಕ್ಕದಲ್ಲಿ ಅದನ್ನು ಇಟ್ಟು ನೋಡಿ. ಹಾಗೆಂದು ಅವರ ಕಾನೂನು ಎಲ್ಲಕ್ಕೂ ಮದ್ದಲ್ಲ. ಅದೇ ಬೈಡನ್ನರ ಮಾತು ತಡವರಿಸುತ್ತಿರುವುದನ್ನು ಸುತ್ತಲಿನವರು ಅಲ್ಲಗಳೆಯುತ್ತಲೇ ಬಂದರು. 2024ರ ಜೂನ್ 27ರಂದು ಅಟ್ಲಾಂಟಾದ ಚರ್ಚೆಯಲ್ಲಿ ಇಡೀ ದೇಶ ಕಣ್ಣಾರೆ ಕಾಣುವವರೆಗೆ ಪಕ್ಷ ಅಲುಗಾಡಲಿಲ್ಲ.

ಹಾಗಾದರೆ ಅಭ್ಯರ್ಥಿಗಳ ವೈದ್ಯಕೀಯ ವರದಿಯನ್ನೇ ಪ್ರಕಟಿಸಿಬಿಡಲಿ ಎನ್ನುವವರಿದ್ದಾರೆ. ಆಸ್ತಿ, ಮೊಕದ್ದಮೆ, ವಿದ್ಯಾರ್ಹತೆಗಳನ್ನು ನಾಮಪತ್ರದೊಂದಿಗೆ ಘೋಷಿಸುವುದು ಸುಪ್ರೀಂ ಕೋರ್ಟಿನ 2002 ಮತ್ತು 2003ರ ತೀರ್ಪುಗಳಿಂದ ಕಡ್ಡಾಯವಾಗಿದೆ, ಅದರ ಕೆಳಗೆ ಇನ್ನೊಂದು ಕಾಲಂ ಸೇರಿಸಿದರಾಯಿತು ಎಂಬುದು ಅವರ ವಾದ. ನನಗೆ ಒಪ್ಪಿಗೆಯಿಲ್ಲ. ಆಸ್ತಿ ಗಳಿಸಿದ್ದು, ರೋಗ ಬಂದದ್ದು. ಎರಡೂ ಒಂದೇ ಅಲ್ಲ. ಒಮ್ಮೆ ಮನೋರೋಗಕ್ಕೆ ಮದ್ದು ತೆಗೆದುಕೊಂಡು ಗುಣವಾದ ಹೆಣ್ಣುಮಗಳೊಬ್ಬಳು ಗ್ರಾಮದ ಗೋಡೆಗಳ ಮೇಲೆ ತನ್ನ ಕಾಯಿಲೆಯ ಹೆಸರು ಬರೆಸಿಕೊಂಡು ಚುನಾವಣೆಗೆ ನಿಲ್ಲುವಳೆ? ಜನಕ್ಕೆ ಬೇಕಾದದ್ದು ರೋಗದ ಹೆಸರಲ್ಲ, ಈ ಮನುಷ್ಯ ಇಂದು ಕೆಲಸ ಮಾಡಬಲ್ಲನೆ ಇಲ್ಲವೆ ಎಂಬ ಒಂದೇ ಉತ್ತರ.

ನನ್ನ ಸೂಚನೆ ಚಿಕ್ಕದು. ಪ್ರಮಾಣವಚನ ಸ್ವೀಕರಿಸಿದ ದಿನವೇ ಮುಖ್ಯಮಂತ್ರಿ ಒಂದು ಪತ್ರದಲ್ಲಿ, ತಾನು ಅಸ್ವಸ್ಥನಾದಾಗ ತನ್ನ ಕರ್ತವ್ಯ ನಿರ್ವಹಿಸಬೇಕಾದ ಸಚಿವರ ಹೆಸರನ್ನು ರಾಜ್ಯಪಾಲರಿಗೆ ಕೊಡಲಿ. ಪ್ರಧಾನಿ ರಾಷ್ಟ್ರಪತಿಗೆ ಕೊಡಲಿ. ಆಸ್ಪತ್ರೆಯ ವಾಸ ಒಂದು ವಾರ ದಾಟಿದರೆ ಸರಕಾರಿ ವೈದ್ಯಕೀಯ ಕಾಲೇಜಿನ ಮೂವರು ವೈದ್ಯರು ನೋಡಿ, ಆ ಒಂದೇ ಪ್ರಶ್ನೆಗೆ ಹೌದು ಅಥವಾ ಅಲ್ಲ ಎಂದು ವಿಧಾನಸಭೆಯ ಅಧ್ಯಕ್ಷರಿಗೆ ಬರೆದು ಕೊಡಲಿ. ಗುಣವಾದ ದಿನ ಕುರ್ಚಿ ಯಥಾಪ್ರಕಾರ ಮರಳಿ ಬರಲಿ. ಮರಳಿ ಬರುತ್ತದೆಂಬ ಭರವಸೆ ಇಲ್ಲದಿರುವುದರಿಂದಲೇ ಅಲ್ಲವೆ ನಮ್ಮಲ್ಲಿ ಯಾರೂ ಹಾಸಿಗೆಯಿಂದ ಅಧಿಕಾರ ಬಿಡದಿರುವುದು? ಈ ಭಾಗವನ್ನು ನಾನು ಸಂಘದ ಮಿತ್ರರಿಗೆ ಓದಿ ತೋರಿಸಿದಾಗ ಅದೇ ರೈಲ್ವೆಯ ಅಜ್ಜ, "ಎರಡನೆಯವನ ಹೆಸರು ಬರೆದ ದಿನವೇ ಮೊದಲನೆಯವನ ಕುರ್ಚಿಯ ಕಾಲು ಕೊಯ್ಯೋಕೆ ಶುರು ಮಾಡ್ತಾರೆ" ಎಂದರು. ನಿಜವಿರಬಹುದು. ಈಗ ಹೆಸರು ಬರೆಯದೆಯೂ ಕೊಯ್ಯುತ್ತಲೇ ಇದ್ದಾರೆ.

ಇಷ್ಟೆಲ್ಲ ಬರೆದ ಮೇಲೆ ನನ್ನದೊಂದು ತಪ್ಪನ್ನು ಮುಚ್ಚಿಡುವುದು ಸರಿಯಲ್ಲ. ಐದಾರು ವರ್ಷಗಳ ಹಿಂದೆ ನನಗೆ ಎದೆನೋವು ಕಾಣಿಸಿಕೊಂಡು ಒಂದು ಸ್ಟೆಂಟ್ ಹಾಕಿದರು. ಪದೋನ್ನತಿಯ ಸಮಿತಿ ಕೂಡಲು ಎರಡು ತಿಂಗಳಿತ್ತು. ವೈದ್ಯಕೀಯ ರಜೆ ಹಾಕಿದರೆ ದೇಹಾರೋಗ್ಯದ ಪ್ರಮಾಣಪತ್ರ ಕೊಡಬೇಕು, ಸುದ್ದಿ ಕಾರಿಡಾರಿನಲ್ಲಿ ಓಡಾಡುತ್ತದೆ. ಆದ್ದರಿಂದ ನಾನು ಆಸ್ಪತ್ರೆಯ ಹಾಸಿಗೆಯಿಂದಲೇ, ಊರಿನಲ್ಲಿ ಗೃಹಕೃತ್ಯವಿದೆಯೆಂದು ಬರೆದು ಹನ್ನೆರಡು ದಿನದ ಗಳಿಕೆ ರಜೆ ಪಡೆದೆ. ನಿಯಮಗಳನ್ನು ಬಲ್ಲವನಿಗೆ ಅವುಗಳ ಸಂದುಗೊಂದುಗಳೂ ಗೊತ್ತಿರುತ್ತವೆ. ಸಹೋದ್ಯೋಗಿಗಳು ಫೋನು ಮಾಡಿ ಜಾತ್ರೆ ಹೇಗೆ ನಡೆಯಿತೆಂದು ಕೇಳಿದರು. ಚೆನ್ನಾಗಿ ನಡೆಯಿತೆಂದು ಹೇಳಿದೆ. ಅಂದಿನಿಂದ, ಹಾಸಿಗೆಯಲ್ಲಿ ಮಲಗಿ ತಾನು ಗಟ್ಟಿಯಾಗಿದ್ದೇನೆಂದು ಸಾರುವ ಯಾವ ನಾಯಕನನ್ನು ಕಂಡರೂ ನನಗೆ ಕೋಪಕ್ಕಿಂತ ಮೊದಲು ಪರಿಚಯದ ನಗೆ ಬರುತ್ತದೆ.

ಮರಳಿ ಕೆಲಸಕ್ಕೆ ಹೋದ ದಿನ ನನ್ನ ಲಿಂಕ್ ಆಫೀಸರ್ ಆಗಿದ್ದ ಮಲಯಾಳಿ ಸಹೋದ್ಯೋಗಿ ಒಂದು ಪಟ್ಟಿ ತಂದು ಮೇಜಿನ ಮೇಲಿಟ್ಟರು. ಹನ್ನೆರಡು ದಿನಗಳಲ್ಲಿ ಅವರು ವಿಲೇವಾರಿ ಮಾಡಿದ ಹದಿನೇಳು ಕಡತಗಳು. ಅವುಗಳಲ್ಲಿ ಒಂದರ ಮೇಲಿನ ಟಿಪ್ಪಣಿಯನ್ನು ನಾನಾಗಿದ್ದರೆ ಹಾಗೆ ಬರೆಯುತ್ತಿರಲಿಲ್ಲ. ಆದರೆ ಅದರ ಕೆಳಗೆ ಅವರ ಸಹಿಯಿತ್ತು, ಅವರ ಹೆಸರಿತ್ತು, ತಾರೀಖಿತ್ತು.